ಕ್ರೂಸ್ ಹಿಡೀತಿಲ್ಲ ಅಂದ್ರೆ, ಬೇಡ ಅಂದವರು ಯಾರು?

(ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಕನ್ನಡದ ಗೆಳೆಯರು ಸೇರಿದ್ದ ಒಂದು ಸಂಜೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಮುಖ್ಯವಾದದ್ದನ್ನಷ್ಟೇ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾರು ರಿಪೇರಿ ಬಗ್ಗೆ ಮಾತಾಡಿ ಅಂದರೆ ಇವನು ಆಯಿಲ್, ಟೈರು, ಬ್ಯಾಟರಿ ಎಲ್ಲ ಬಿಟ್ಟು, ಆಕ್ಸಿಲರೇಟರ್ ಒತ್ತದೆಯೇ ಕಾರನ್ನು ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ಹಿಡ್ಕೊಂಡನಲ್ಲ ಅಂತ ನಿಮಗೆ ಅನ್ನಿಸಿರಬಹುದು. ಬೇಕಂತಲೇ ಹಿಡಿದದ್ದು. ದೋಷ ಹುಡುಕುವುದನ್ನು ಮನೆಯಲ್ಲೇ ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಕ್ರೂಸ್ ಕೆಟ್ಟರೆ ಕಾರೇನೂ ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಆಫೀಸಿಗೆ ಹೋಗಬಹುದು, ಮಕ್ಕಳನ್ನು ಸ್ಕೂಲಿಗೆ ಬಿಡಬಹುದು. ಹಾಗಾಗಿ ಶನಿವಾರ ನಿಧಾನವಾಗಿ ಕೂತು ನೋಡಬಹುದು. ಇನ್ನೊಂದು ಕಾರಣ, ಬಹಳಷ್ಟು ಸಲ ಕೆಟ್ಟಿರುವುದು ಕ್ರೂಸೇ ಅಲ್ಲ. ಬೇರೆಲ್ಲೋ ಏನೋ ಆಗಿರುತ್ತದೆ, ಕ್ರೂಸ್ ಅದಕ್ಕೆ ಹೆದರಿ ಸುಮ್ನೆ ಕೂತಿರುತ್ತದೆ. ಆ ಬೇರೆಯದನ್ನು ಹುಡುಕುವ ಬಗ್ಗೆ ಇವತ್ತಿನ ಮಾತು.

ನಾವಿರುವ ಈ ಇಂಡಿಯಾನಾ ರಾಜ್ಯಕ್ಕೂ ಕ್ರೂಸ್ ಕಂಟ್ರೋಲ್‌ಗೂ ಹಳೆಯ ನಂಟಿದೆ. ಇಲ್ಲಿಂದ ಐ-70 ಹೆದ್ದಾರಿ ಹಿಡಿದು ಒಹಾಯೊ ಕಡೆ ಹೊರಟರೆ, ರಿಚ್ಮಂಡ್ ಸಿಗುವ ಮುಂಚೆ ಎಡಗಡೆಗೆ ಹೇಗರ್ಸ್‌ಟೌನ್ ಅಂತ ಒಂದು ಪುಟ್ಟ ಊರಿದೆ. ರಾಲ್ಫ್ ಟೀಟರ್ ಆ ಊರಿನವರು. ಹುಟ್ಟಿದ್ದು 1890ರಲ್ಲಿ. ಐದು ವರ್ಷದ ಹುಡುಗನಾಗಿದ್ದಾಗ ಒಂದು ಅಪಘಾತದಲ್ಲಿ ಎರಡೂ ಕಣ್ಣು ಹೋದವು. ಆದರೂ ಇಂಜಿನಿಯರಿಂಗ್ ಓದಿದರು, ಪಿಸ್ಟನ್ ರಿಂಗ್ ಮಾಡುವ ಪರ್ಫೆಕ್ಟ್ ಸರ್ಕಲ್ ಕಂಪನಿಯ ಅಧ್ಯಕ್ಷರೂ ಆದರು. ಅವರ ವಕೀಲರೊಬ್ಬರು ಕಾರು ಓಡಿಸುತ್ತಾ ಮಾತಿಗಿಳಿದರೆ ವೇಗ ಇಳಿಯುತ್ತಿತ್ತಂತೆ, ಸುಮ್ಮನಾದರೆ ಏರುತ್ತಿತ್ತಂತೆ. ಪಕ್ಕದಲ್ಲಿ ಕೂತ ಟೀಟರ್‌ಗೆ ಆ ಜಗ್ಗಾಟ ಸಹಿಸಲಾಗದೆ ಈ ಯೋಚನೆ ಬಂತು ಅಂತ ಹೇಳುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು. 1958ರ ಮಾಡೆಲ್‌ನಲ್ಲಿ ಕ್ರೈಸ್ಲರ್ ಕಂಪನಿ ಇದನ್ನು ಆಟೋ ಪೈಲಟ್ ಅಂತ ಕರೆದು ಮಾರಿತು. ಕ್ರೂಸ್ ಕಂಟ್ರೋಲ್ ಅನ್ನುವ ಹೆಸರು ಬಂದದ್ದು ಕ್ಯಾಡಿಲಾಕ್‌ನಿಂದ. ಕಣ್ಣು ಕಾಣದ ಮನುಷ್ಯ ಕಾರು ಓಡಿಸುವವರ ಕಾಲಿಗೆ ವಿಶ್ರಾಂತಿ ಕೊಟ್ಟರು.

ಟೀಟರ್ ಮಾಡಿದ್ದು ಪೂರ್ತಿ ಮೆಕ್ಯಾನಿಕಲ್ ಯಂತ್ರ. ಆಮೇಲೆ ವ್ಯಾಕ್ಯೂಮ್, ಅಂದರೆ ಇಂಜಿನ್ ಗಾಳಿ ಎಳೆಯುವ ಬಲದಿಂದ ನಡೆಯುವುದು ಬಂತು, ಕೇಬಲ್ ಬಂತು. ಈಗ ನಮ್ಮಲ್ಲಿ ಹೆಚ್ಚಿನವರ ಕಾರುಗಳಲ್ಲಿ ಆಕ್ಸಿಲರೇಟರಿನಿಂದ ಇಂಜಿನ್‌ಗೆ ಕೇಬಲ್ಲೇ ಇಲ್ಲ. ಪೆಡಲ್ ಒತ್ತಿದರೆ ಒಂದು ಸೆನ್ಸರ್ ಇಂಜಿನ್ ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರ್ ಒಂದು ಚಿಕ್ಕ ಮೋಟರಿನಿಂದ ಥ್ರಾಟಲ್, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ತೆರೆಯುತ್ತದೆ. ಇಂಥ ಕಾರಿನಲ್ಲಿ ಕ್ರೂಸ್‌ಗೆ ಅಂತ ಬೇರೆ ಯಂತ್ರವೇ ಇಲ್ಲ. ಅದು ಕಂಪ್ಯೂಟರಿನೊಳಗಿನ ಒಂದಿಷ್ಟು ಪ್ರೋಗ್ರಾಂ, ಅಷ್ಟೆ. ಬಾನೆಟ್ ಎತ್ತಿ ‘ಕ್ರೂಸ್ ಕಂಟ್ರೋಲ್ ಎಲ್ಲಿದೆ?’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ.

ಹಾಗಾದರೆ ಕೆಡುವುದು ಏನು? ಅದಕ್ಕೆ ಸುದ್ದಿ ತಂದುಕೊಡುವವರು. ಬ್ರೇಕ್ ಸ್ವಿಚ್ ‘ಕಾಲು ಬ್ರೇಕ್ ಮೇಲಿಲ್ಲ’ ಅನ್ನಬೇಕು. ಗೇರಿನ ಕಾರಾದರೆ ಕ್ಲಚ್ ಸ್ವಿಚ್ಚೂ ಹಾಗೇ ಅನ್ನಬೇಕು. ಚಕ್ರದ ಸೆನ್ಸರ್‌ಗಳು ಸರಿಯಾದ ವೇಗ ಹೇಳಬೇಕು. ಸ್ಟಿಯರಿಂಗ್ ಮೇಲಿನ ಬಟನ್ ‘ಯಜಮಾನರು ಸೆಟ್ ಒತ್ತಿದರು’ ಅನ್ನಬೇಕು. ಇಂಜಿನ್ ‘ನಾನು ಆರೋಗ್ಯವಾಗಿದ್ದೇನೆ’ ಅನ್ನಬೇಕು. ನಮ್ಮ ಕಡೆ ಮದುವೆ ಮಾತುಕತೆ ನೋಡಿದ್ದೀರಲ್ಲ? ಗಂಡು ಹೆಣ್ಣು ಒಪ್ಪಿ, ಜಾತಕ ಕೂಡಿ, ಛತ್ರ ಕೂಡ ಸಿಕ್ಕಿದ ಮೇಲೂ ಮೂಲೆಯಲ್ಲಿ ಕೂತ ಸೋದರಮಾವ ಒಬ್ಬರು ಮುಖ ಆಚೆ ತಿರುಗಿಸಿದರೆ ಮುಗೀತು. ಕ್ರೂಸ್ ಕೂಡ ಹಾಗೇ. ಎಲ್ಲರೂ ಹೂಂ ಅಂದರೆ ಮಾತ್ರ ಹಿಡಿಯುತ್ತದೆ, ಒಬ್ಬರು ಬೇಡ ಅಂದರೂ ಬಿಟ್ಟುಬಿಡುತ್ತದೆ. ಅದನ್ನು ಕಟ್ಟಿರುವುದೇ ಆ ರೀತಿ. ನಮ್ಮ ಕಾಲಿನ ಅಪ್ಪಣೆ ಇಲ್ಲದೆ ಕಾರನ್ನು ಗಂಟೆಗೆ 70 ಮೈಲಿಯಲ್ಲಿ ಓಡಿಸುವ ವ್ಯವಸ್ಥೆ ಸಣ್ಣ ಅನುಮಾನಕ್ಕೂ ಹಿಂದೆ ಸರಿಯಬೇಕು, ಅಲ್ವಾ? ಆದ್ದರಿಂದ ನಾವು ಹುಡುಕಬೇಕಾದ್ದು ಬೇಡ ಅಂದವರು ಯಾರು ಅನ್ನುವುದನ್ನು.

ಉಪಕರಣ ಮುಟ್ಟುವ ಮೊದಲು ಡ್ಯಾಶ್‌ಬೋರ್ಡ್ ನೋಡಿ. ಬಹಳ ಕಾರುಗಳಲ್ಲಿ ಎರಡು ಗುರುತು ಬರುತ್ತವೆ. ಮುಖ್ಯ ಬಟನ್ ಒತ್ತಿದರೆ ‘ಕ್ರೂಸ್’, ವೇಗ ಹಿಡಿದಾಗ ‘ಸೆಟ್’. ಮೊದಲನೆಯದೇ ಬರದಿದ್ದರೆ ಬಟನ್, ಅದರ ವೈರು, ಫ್ಯೂಸ್ ಕಡೆ ಅನುಮಾನ ಪಡಿ. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ಮುಖ್ಯ ಬಟನ್‌ನಿಂದ ಕಂಪ್ಯೂಟರ್ ತನಕ ಸುದ್ದಿ ಹೋಗಿದೆ ಅಂತ ಆಯಿತು, ಬೇರೆ ಯಾರೋ ತಡೆಯುತ್ತಿದ್ದಾರೆ. ಇಷ್ಟು ನೋಡಿದರೇ ಅರ್ಧ ಕಾರು ಲೆಕ್ಕದಿಂದ ಹೊರಗೆ ಹೋಯಿತು. ಹಾಂ, ವೇಗ ಸಾಕಷ್ಟು ಇದೆಯಾ ಅಂತಲೂ ನೋಡಿ. ಸಾಧಾರಣ ಕ್ರೂಸ್ ಗಂಟೆಗೆ ಸುಮಾರು 25 ಮೈಲಿ, ಅಂದರೆ 40 ಕಿಲೋಮೀಟರ್ ದಾಟದೆ ಹಿಡಿಯುವುದೇ ಇಲ್ಲ. ಮನೆ ಮುಂದಿನ ರಸ್ತೆಯಲ್ಲಿ ಒತ್ತಿ ನೋಡಿ ‘ಕೆಟ್ಟಿದೆ’ ಅನ್ನುವವರಿದ್ದಾರೆ.

ಚೆಕ್ ಇಂಜಿನ್ ದೀಪ ಉರಿಯುತ್ತಿದೆಯಾ? ಹಾಗಿದ್ದರೆ ಕ್ರೂಸ್ ಬಿಡಿ, ಮೊದಲು ಅದನ್ನು ನೋಡಿ. ಕೆಲವು ಕಾರುಗಳು ಇಂಜಿನ್‌ನಲ್ಲಿ ದೋಷ ಕಂಡ ಕೂಡಲೇ ಕ್ರೂಸನ್ನು ತಾವೇ ನಿಲ್ಲಿಸುತ್ತವೆ. ಸುಬಾರು ಕಾರುಗಳಲ್ಲಿ ಚೆಕ್ ಇಂಜಿನ್ ಬಂದರೆ ಕ್ರೂಸ್ ದೀಪವೂ ಮಿಣಮಿಣ ಅನ್ನಲು ಶುರುವಾಗುತ್ತದೆ. ಅದು ಕ್ರೂಸ್‌ನ ದೋಷ ಅಲ್ಲ, ಕಾರು ಹೀಗೇ ವರ್ತಿಸಬೇಕು ಅಂತ ಮಾಡಿದ್ದು. ಪೆಟ್ರೋಲ್ ಹಾಕಿಸಿ ಟ್ಯಾಂಕಿನ ಮುಚ್ಚಳ ಸರಿಯಾಗಿ ತಿರುಗಿಸದೆ ಬಂದಿರುತ್ತೀರಿ. ಟ್ಯಾಂಕಿನ ಆವಿ ಹೊರಗೆ ಹೋಗುತ್ತಿದೆ ಅಂತ ಕಂಪ್ಯೂಟರ್ ಪತ್ತೆ ಹಚ್ಚಿ ಚೆಕ್ ಇಂಜಿನ್ ಹಾಕುತ್ತದೆ, ಅದರ ಬೆನ್ನಿಗೇ ಕ್ರೂಸ್ ಹೋಗುತ್ತದೆ. ಮುಚ್ಚಳಕ್ಕೂ ಕ್ರೂಸ್‌ಗೂ ಏನು ಸಂಬಂಧ ಅಂತ ತಲೆ ಕೆರೆದುಕೊಂಡರೆ ಉತ್ತರ ಸಿಗುವುದಿಲ್ಲ. ಕಂಪ್ಯೂಟರ್ ಬರೆದಿಟ್ಟ ದೋಷದ ನಂಬರು, ಅಂದರೆ ಕೋಡ್, ಓದಿದರೆ ಒಂದು ನಿಮಿಷದ ಕೆಲಸ.

ಕೋಡ್ ಓದಲು ಕಾರಿನ ಕಂಪ್ಯೂಟರಿಗೆ ಜೋಡಿಸುವ ಒಬಿಡಿ ಸ್ಕ್ಯಾನರ್ ಅನ್ನುವ ಸಾಧನ ಬೇಕು. 1996ರಿಂದ ಈಚೆಗೆ ಅಮೆರಿಕದಲ್ಲಿ ಮಾರಿದ ಎಲ್ಲ ಪೆಟ್ರೋಲ್ ಕಾರುಗಳಲ್ಲೂ ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ, 16 ಪಿನ್ನಿನ ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚಿ ಫೋನಿನಲ್ಲಿ ನೋಡುವ ಬ್ಲೂಟೂತ್ ಅಡಾಪ್ಟರ್ ಅಗ್ಗಕ್ಕೇ ಸಿಗುತ್ತದೆ. ಎಷ್ಟೋ ಆಟೋ ಪಾರ್ಟ್ಸ್ ಅಂಗಡಿಗಳಲ್ಲಿ ಪುಕ್ಕಟೆ ಓದಿಯೂ ಕೊಡುತ್ತಾರೆ. ಪಿ0571 ಅಂತ ಬಂದರೆ ಬ್ರೇಕ್ ಸ್ವಿಚ್ಚಿನ ಸರ್ಕ್ಯೂಟ್. ಪಿ0504 ಬಂದರೆ ಬ್ರೇಕ್ ಸ್ವಿಚ್ಚಿನೊಳಗಿನ ಎರಡು ಭಾಗಗಳ ಮಾತು ಒಂದಕ್ಕೊಂದು ತಾಳೆ ಆಗುತ್ತಿಲ್ಲ. ಪಿ0500 ಬಂದರೆ ವೇಗದ ಸೆನ್ಸರ್. ಪಿ0564ರ ಆಸುಪಾಸಿನ ನಂಬರುಗಳು ಸ್ಟಿಯರಿಂಗ್ ಮೇಲಿನ ಬಟನ್‌ಗಳಿಗೆ ಸೇರಿದ್ದು. ಆದರೆ ಒಂದು ವಿಷಯ. ಪಿ0571 ಬಂತು ಅಂತ ತಕ್ಷಣ ಹೊಸ ಸ್ವಿಚ್ ಆರ್ಡರ್ ಮಾಡಬೇಡಿ. ಕೋಡ್ ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ. ವೈರು ಕಿತ್ತಿದ್ದರೂ ಅದೇ ಕೋಡ್, ಫ್ಯೂಸ್ ಹೋಗಿದ್ದರೂ ಅದೇ ಕೋಡ್ ಬರಬಹುದು.

ನನಗೆ ಕೋಡ್‌ಗಿಂತ ಲೈವ್ ಡೇಟಾ, ಅಂದರೆ ಸ್ವಿಚ್, ಸೆನ್ಸರ್‌ಗಳು ಆ ಕ್ಷಣದಲ್ಲಿ ಹೇಳುತ್ತಿರುವುದು, ಇಷ್ಟ. ಕಾರು ನಿಂತಲ್ಲೇ ಇರಲಿ, ಕೀ ಆನ್ ಮಾಡಿ, ಪರದೆಯಲ್ಲಿ ಬ್ರೇಕ್ ಸ್ವಿಚ್ ಅನ್ನುವ ಸಾಲು ತೆಗೆಯಿರಿ. ಪೆಡಲ್ ಮುಟ್ಟದೆ ‘ಆಫ್’ ಇರಬೇಕು, ಮೆಲ್ಲಗೆ ಒತ್ತಿದರೆ ‘ಆನ್’ ಆಗಬೇಕು. ಕಾಲು ತೆಗೆದ ಮೇಲೂ ‘ಆನ್’ ಅಂತಲೇ ಇದ್ದರೆ ಬೇಡ ಅಂದವರು ಸಿಕ್ಕರು. ಅಗ್ಗದ ಅಡಾಪ್ಟರುಗಳಲ್ಲಿ ಈ ಸಾಲು ಕೆಲವೊಮ್ಮೆ ಕಾಣುವುದಿಲ್ಲ, ಅದೊಂದು ಕಷ್ಟ.

ಸ್ಕ್ಯಾನರ್ ಇಲ್ಲದಿದ್ದರೂ ಅಡ್ಡಿಯಿಲ್ಲ. ಸಂಜೆ ಹೊತ್ತು ಕಾರಿನ ಹಿಂಭಾಗ ಗರಾಜ್ ಬಾಗಿಲಿಗೆ ಹತ್ತಿರವಾಗುವಂತೆ ನಿಲ್ಲಿಸಿ, ಬ್ರೇಕ್ ಒತ್ತಿ ಬಿಟ್ಟು ಕನ್ನಡಿಯಲ್ಲಿ ನೋಡಿ. ಬಾಗಿಲ ಮೇಲೆ ಕೆಂಪು ಬೆಳಕು ಬರಬೇಕು, ಹೋಗಬೇಕು. ಬರದಿದ್ದರೂ ತಪ್ಪು, ಹೋಗದಿದ್ದರೂ ತಪ್ಪು. ಇವತ್ತಿನ ಮಾತಿನಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕ್ರೂಸ್ ಹೋದರೆ ಮೊದಲು ಬ್ರೇಕ್ ದೀಪ ನೋಡಿ. ಅದು ಕೆಟ್ಟಿದ್ದರೆ ಕ್ರೂಸ್ ಮಾತು ಹಾಗಿರಲಿ, ಹಿಂದಿನವನು ನಿಮಗೆ ಬಂದು ಗುದ್ದುತ್ತಾನೆ.

ನಮ್ಮ ಪರಿಚಯದ ಒಬ್ಬರ ಹಳೆಯ ಜಪಾನಿ ಸೆಡಾನ್‌ನಲ್ಲಿ ಹೀಗೇ ಆಯಿತು. ಮೊದಲು ಕ್ರೂಸ್ ಹೋಯಿತು, ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಬ್ಯಾಟರಿ ರಾತ್ರೋರಾತ್ರಿ ಖಾಲಿಯಾಗತೊಡಗಿತು. ಹೊಸ ಬ್ಯಾಟರಿ ಹಾಕಿಸಿದರು, ಅದೂ ಖಾಲಿ. ನಾನು ಹೋಗಿ ನೋಡಿದಾಗ ಡ್ರೈವರ್ ಕಡೆಯ ಮ್ಯಾಟ್ ಮೇಲೆ, ಬ್ರೇಕ್ ಪೆಡಲಿನ ನೇರ ಕೆಳಗೆ, ನೀಲಿ ಹಸಿರು ಬಣ್ಣದ ಪ್ಲಾಸ್ಟಿಕ್ ಚೂರುಗಳು ಬಿದ್ದಿದ್ದವು. ಬೆರಳಲ್ಲಿ ಹಿಸುಕಿದರೆ ಪುಡಿಪುಡಿ. ಮನೆಯವರು ಮಕ್ಕಳ ಆಟದ ಸಾಮಾನು ಮುರಿದಿರಬೇಕು ಅಂದುಕೊಂಡು ವ್ಯಾಕ್ಯೂಮ್ ಮಾಡುತ್ತಿದ್ದರಂತೆ. ನಾನು ನೆಲಕ್ಕೆ ಬೆನ್ನು ಹಾಕಿ, ತಲೆಯನ್ನು ಪೆಡಲುಗಳ ಕೆಳಗೆ ತೂರಿಸಿ, ಟಾರ್ಚ್ ಬಿಟ್ಟೆ. (ಐವತ್ತು ದಾಟಿದವರು ಈ ಕೆಲಸಕ್ಕೆ ಮಗನನ್ನೋ ಮಗಳನ್ನೋ ಕರೆಯಿರಿ. ಒಳಗೆ ಹೋಗುವುದು ಸುಲಭ, ಎದ್ದು ಬರುವುದು ಕಷ್ಟ.)

ಅಲ್ಲಿ ಏನಿರುತ್ತದೆ ಹೇಳುತ್ತೇನೆ. ಪೆಡಲಿನ ಕಬ್ಬಿಣದ ತೋಳು ಮೇಲೆ ಹೋಗಿ ಒಂದು ಬ್ರಾಕೆಟ್‌ಗೆ ಸೇರುತ್ತದೆ. ಆ ಬ್ರಾಕೆಟ್‌ನಲ್ಲಿ ಹೆಬ್ಬೆರಳು ಗಾತ್ರದ ಸ್ವಿಚ್ ಕೂತಿರುತ್ತದೆ, ಅದರ ಮೂತಿಯಲ್ಲಿ ಒಂದು ಸಣ್ಣ ಕಡ್ಡಿ. ಕಾಲು ಪೆಡಲ್ ಮೇಲೆ ಇಲ್ಲದಾಗ ಪೆಡಲಿನ ತೋಳು ಹಿಂದೆ ಬಂದು ಆ ಕಡ್ಡಿಯನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಕಡ್ಡಿ ಒಳಗಿದ್ದರೆ ‘ಬ್ರೇಕ್ ಇಲ್ಲ’, ಹೊರಗೆ ಬಂದರೆ ‘ಬ್ರೇಕ್ ಹಾಕಿದ್ದಾರೆ’. ಕೆಲವು ಜಪಾನಿ, ಕೊರಿಯನ್ ಕಾರುಗಳಲ್ಲಿ ತೋಳಿನಲ್ಲಿ ಕಡ್ಡಿ ತಾಗುವ ಜಾಗದಲ್ಲೇ ಒಂದು ತೂತು ಇರುತ್ತದೆ, ಅದಕ್ಕೆ ಒಂದು ಪ್ಲಾಸ್ಟಿಕ್ ಬಿರಡೆ ಹಾಕಿರುತ್ತಾರೆ. ವರ್ಷಗಟ್ಟಲೆ ಬಿಸಿಲು, ಚಳಿ ತಿಂದು ಆ ಬಿರಡೆ ಒಂದು ದಿನ ಪುಡಿಯಾಗುತ್ತದೆ. ಆಮೇಲೆ ಕಡ್ಡಿ ನೇರ ತೂತಿನೊಳಗೆ ಹೋಗುತ್ತದೆ, ಅದನ್ನು ಒತ್ತಲು ಏನೂ ಇಲ್ಲ. ಕಾರು ನಿಂತಿದ್ದರೂ ಬ್ರೇಕ್ ದೀಪ ಉರಿಯುತ್ತಲೇ ಇರುತ್ತದೆ, ಅದಕ್ಕೇ ಬ್ಯಾಟರಿ ಖಾಲಿ. ಕಂಪ್ಯೂಟರಿಗೆ ಸದಾ ಬ್ರೇಕ್ ಒತ್ತಿದ್ದಾರೆ ಅಂತ ಸುದ್ದಿ, ಅದಕ್ಕೇ ಕ್ರೂಸ್ ಇಲ್ಲ. ಎರಡು ಬೇರೆ ಬೇರೆ ಕಾಯಿಲೆ ಅಂದುಕೊಂಡದ್ದು ಒಂದೇ ಚೂರು ಪ್ಲಾಸ್ಟಿಕ್.

ಹೊಸ ಬಿರಡೆಗೆ ಕೆಲವೇ ಡಾಲರ್. ಬೆರಳಿನಿಂದ ಒತ್ತಿ, ಬೇಕಾದರೆ ಇಕ್ಕಳದಲ್ಲಿ ಸ್ವಲ್ಪ ಹಿಸುಕಿ ಕೂರಿಸಿದರೆ ಟಪ್ ಅಂತ ಕೂರುತ್ತದೆ. ಅದು ಬರುವ ತನಕ ತೂತಿಗೆ ಒಂದು ಚಿಕ್ಕ ಬೋಲ್ಟ್ ಹಾಕಿ ಹಿಂದಿನಿಂದ ನಟ್ ಬಿಗಿದರೂ ಕೆಲಸ ನಡೆಯುತ್ತದೆ. ಬೋಲ್ಟಿನ ತಲೆ ತೆಳ್ಳಗಿರಬೇಕು, ಪೆಡಲಿನ ಚಲನೆಗೆ ಏನೂ ತಾಗಬಾರದು, ಗಟ್ಟಿಯಾಗಿ ಬಿಗಿದಿರಬೇಕು. ಬ್ರೇಕ್ ಪೆಡಲಿನ ಮೇಲೆ ಸಡಿಲವಾದ ಸಾಮಾನು ನೇತಾಡುವುದು ಆಟದ ವಿಷಯ ಅಲ್ಲ.

ಬಿರಡೆ ಸರಿಯಿದ್ದರೆ ಸ್ವಿಚ್ ನೋಡಬೇಕು. ಈಗಿನ ಕಾರುಗಳಲ್ಲಿ ಆ ಒಂದು ಡಬ್ಬಿಯೊಳಗೆ ಎರಡು ಸ್ವಿಚ್ ಇರುವುದು ಸಾಮಾನ್ಯ. ಒಂದು ಬ್ರೇಕ್ ದೀಪಕ್ಕೆ, ಇನ್ನೊಂದು ಕಂಪ್ಯೂಟರಿಗೆ. ಪೆಡಲ್ ಒತ್ತಿದಾಗ ಒಂದು ಕೂಡಿಕೊಳ್ಳುತ್ತದೆ, ಇನ್ನೊಂದು ಬಿಟ್ಟುಕೊಳ್ಳುತ್ತದೆ. ಎರಡೂ ಒಂದಕ್ಕೊಂದು ಉಲ್ಟಾ ಹೇಳಿದರೆ ಮಾತ್ರ ಕಂಪ್ಯೂಟರ್ ನಂಬುತ್ತದೆ. ಅದಕ್ಕೇ ಬ್ರೇಕ್ ದೀಪ ಸರಿಯಾಗಿ ಉರಿದು ಆರುತ್ತಿದ್ದರೂ ಕ್ರೂಸ್ ಹಿಡಿಯದೆ ಇರಬಹುದು, ಎರಡನೆಯ ಸ್ವಿಚ್ ಸವೆದಿರುತ್ತದೆ. ಪ್ಲಗ್ ತೆಗೆದು, ಕರೆಂಟು ಅಳೆಯುವ ಮಲ್ಟಿಮೀಟರನ್ನು ಬೀಪ್ ಬರುವ ಜಾಗಕ್ಕೆ ತಿರುಗಿಸಿ, ಕಡ್ಡಿಯನ್ನು ಬೆರಳಲ್ಲಿ ಒತ್ತಿ ಬಿಟ್ಟು ಎರಡೂ ಜೋಡಿ ಪಿನ್ನುಗಳನ್ನು ಅಳೆಯಿರಿ. ಒಂದು ಜೋಡಿ ಒತ್ತಿದಾಗ ಬೀಪ್ ಅನ್ನಬೇಕು, ಇನ್ನೊಂದು ಬಿಟ್ಟಾಗ. ನಿಧಾನವಾಗಿ ಒತ್ತುತ್ತಾ ಹೋಗಿ. ನಡುವೆ ಬೀಪ್ ತೊದಲಿದರೆ ಸ್ವಿಚ್ ಮುಗಿದಿದೆ. ಹಾಕುವಾಗ ಹುಷಾರು. ಕೆಲವು ಸ್ವಿಚ್‌ಗಳು ಕೂರಿಸುವಾಗ ಒಂದೇ ಸಲ ತಾವೇ ಹೊಂದಿಕೊಳ್ಳುತ್ತವೆ, ತಪ್ಪಾಗಿ ಕೂರಿಸಿದರೆ ಹೊಸದೇ ಹಾಳು. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಆ ಪುಟ ಓದಿಕೊಂಡೇ ಮುಟ್ಟಿ.

ಈ ಸ್ವಿಚ್ಚನ್ನು ಯಾವ ಕಾರಣಕ್ಕೂ ತಂತಿ ಹಾಕಿ ಬೈಪಾಸ್ ಮಾಡಬೇಡಿ. ‘ಕ್ರೂಸ್ ಹಿಡಿಯಲಿ ಅಂತ ಆ ಎರಡು ವೈರು ಸೇರಿಸಿಬಿಟ್ಟೆ’ ಅನ್ನುವ ವೀರರು ಸಿಗುತ್ತಾರೆ. ಅವರು ಮಾಡಿರುವುದು ಬ್ರೇಕ್ ಒತ್ತಿದರೂ ಬಿಡದ ಕ್ರೂಸ್. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಬದಲು ಫೋರ್ಡ್ ಕಥೆ ಹೇಳುತ್ತೇನೆ. 1990ರ ದಶಕದ ಅವರ ಬಹಳ ಕಾರು, ಪಿಕಪ್‌ಗಳಲ್ಲಿ ಕ್ರೂಸ್ ಬಿಡಿಸಲು ಇನ್ನೊಂದು ಹೆಚ್ಚುವರಿ ಸ್ವಿಚ್ ಇತ್ತು. ಪೆಡಲ್ ಹತ್ತಿರದ್ದು ಕೆಟ್ಟರೂ ಇದು ಕೈಬಿಡಬಾರದು ಅನ್ನುವ ಒಳ್ಳೆಯ ಉದ್ದೇಶ. ಅದು ಇಂಜಿನ್ ಕಡೆ, ಬ್ರೇಕ್ ಆಯಿಲ್‌ನ ಒತ್ತಡದಿಂದಲೇ ಕೆಲಸ ಮಾಡುವ ಸ್ವಿಚ್. ಒಂದು ಬದಿಯಲ್ಲಿ ಬ್ರೇಕ್ ಆಯಿಲ್, ಇನ್ನೊಂದು ಬದಿಯಲ್ಲಿ ಕರೆಂಟು, ನಡುವೆ ತೆಳ್ಳನೆಯ ಪೊರೆ. ಪೊರೆ ಬಿರುಕು ಬಿಟ್ಟರೆ ಆಯಿಲ್ ಕರೆಂಟಿನ ಕಡೆಗೆ ಜಿನುಗುತ್ತಿತ್ತು. ಆ ಸ್ವಿಚ್ಚಿಗೆ ಕೀ ತೆಗೆದ ಮೇಲೂ ಬ್ಯಾಟರಿಯಿಂದ ಕರೆಂಟು ಬರುತ್ತಲೇ ಇತ್ತು. ನಿಲ್ಲಿಸಿದ ಗಾಡಿಗಳಿಗೆ, ಗರಾಜಿನೊಳಗೇ, ಬೆಂಕಿ ಹತ್ತಿತು. 1999ರಲ್ಲಿ ಶುರುವಾದ ರೀಕಾಲ್, ಅಂದರೆ ದೋಷವಿರುವ ಗಾಡಿಗಳನ್ನು ಕಂಪನಿಯೇ ಕರೆಸಿ ಸರಿಮಾಡಿಕೊಡುವ ಕೆಲಸ, 2009ರ ತನಕ ಕಂತುಕಂತಾಗಿ ನಡೆದು ಒಟ್ಟು ಒಂದು ಕೋಟಿ ನಲವತ್ತು ಲಕ್ಷಕ್ಕೂ ಜಾಸ್ತಿ ಗಾಡಿಗಳಿಗೆ ಮುಟ್ಟಿತು. ಪರಿಹಾರವಾಗಿ ಹಾಕಿದ್ದು ನಡುವೆ ಫ್ಯೂಸ್ ಇರುವ ಒಂದು ಚಿಕ್ಕ ವೈರು. ಹಳೆಯ ಗಾಡಿ ಕೊಂಡವರು, ಕೊಳ್ಳುವವರು ಗಾಡಿಯ ಗುರುತಿಗೆ ಇರುವ 17 ಅಕ್ಷರದ ವಿನ್ ನಂಬರನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ತಾಣದಲ್ಲಿ ಹಾಕಿ ನೋಡಿ. ರೀಕಾಲ್ ಬಾಕಿ ಇದ್ದರೆ ಬಹುಮಟ್ಟಿಗೆ ತಿಳಿಯುತ್ತದೆ, ತೀರಾ ಹಳೆಯದು ಅಲ್ಲಿ ಕಾಣದಿದ್ದರೆ ಡೀಲರನ್ನೇ ಕೇಳಿ. ಡೀಲರ್ ದುಡ್ಡಿಲ್ಲದೆ ಮಾಡಿಕೊಡಬೇಕಾದ ಕೆಲಸಕ್ಕೆ ನಾವ್ಯಾಕೆ ಕೈ ಕೊಳೆ ಮಾಡಿಕೊಳ್ಳೋದು?

ಸರಿ, ಬ್ರೇಕ್ ಕಡೆ ಎಲ್ಲ ಚೆನ್ನಾಗಿದೆ ಅನ್ನಿ. ಈಗ ಸ್ಟಿಯರಿಂಗ್. ಹಾರ್ನ್ ಒತ್ತಿ ನೋಡಿ, ಹಾಡಿನ ಬಟನ್ ಒತ್ತಿ ನೋಡಿ. ಹಾರ್ನ್, ಹಾಡು, ಕ್ರೂಸ್ ಮೂರೂ ಒಟ್ಟಿಗೆ ಹೋಗಿ ಏರ್‌ಬ್ಯಾಗ್ ದೀಪ ಬಂದಿದ್ದರೆ ಅನುಮಾನವೇ ಬೇಡ, ಅದು ಕ್ಲಾಕ್ ಸ್ಪ್ರಿಂಗ್. ತಿರುಗುವ ಸ್ಟಿಯರಿಂಗ್ ಚಕ್ರದಿಂದ ತಿರುಗದ ಕಂಬಕ್ಕೆ ಕರೆಂಟು ದಾಟಿಸಲು ಒಂದು ಚಪ್ಪಟೆ ಕೇಬಲ್ಲನ್ನು ದುಂಡನೆಯ ಡಬ್ಬಿಯೊಳಗೆ ಸುರುಳಿ ಸುತ್ತಿಟ್ಟಿರುತ್ತಾರೆ. ಎಡಕ್ಕೆ ತಿರುಗಿದರೆ ಬಿಗಿಯಾಗುತ್ತದೆ, ಬಲಕ್ಕೆ ತಿರುಗಿದರೆ ಸಡಿಲವಾಗುತ್ತದೆ, ಅಥವಾ ಅದರ ಉಲ್ಟಾ. ಲಕ್ಷಾಂತರ ಸಲ ಮಡಿಸಿ ಬಿಚ್ಚಿ ಒಂದು ದಿನ ಕಡಿಯುತ್ತದೆ. ಕೆಲವೊಮ್ಮೆ ನೇರ ಹೋಗುವಾಗ ಕ್ರೂಸ್ ಇದ್ದು, ತಿರುವಿನಲ್ಲಿ ಕೈಕೊಡುತ್ತದೆ. ಅದೂ ಇದರದ್ದೇ ಲಕ್ಷಣ.

ಇದನ್ನು ಬದಲಾಯಿಸಲು ಏರ್‌ಬ್ಯಾಗ್ ತೆಗೆಯಬೇಕು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಮೊದಲ ಸಲ ರಿಪೇರಿಗೆ ಕೈ ಹಾಕುವವರು ಇಲ್ಲಿ ನಿಂತುಬಿಡಿ. ಮೆಕ್ಯಾನಿಕ್‌ಗೆ ದುಡ್ಡು ಕೊಡಿ. ಅನುಭವ ಇದ್ದವರು ಮಾಡುವುದಾದರೆ ಬ್ಯಾಟರಿಯ ನೆಗೆಟಿವ್ ತೆಗೆದು, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಬೇಕು. ಏರ್‌ಬ್ಯಾಗ್ ಸ್ಫೋಟಿಸುವ ಸರ್ಕ್ಯೂಟ್‌ನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಹಳದಿ ಬಣ್ಣದ ಪ್ಲಗ್‌ಗಳು ಏರ್‌ಬ್ಯಾಗಿನವು, ಅವಕ್ಕೆ ಮಲ್ಟಿಮೀಟರ್ ಕಡ್ಡಿ ಚುಚ್ಚಲೇಬಾರದು. ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿ ದೂರ ಇಡಬೇಕು. ಚಕ್ರ ನೇರವಾಗಿಟ್ಟೇ ಕೆಲಸ ಮಾಡಬೇಕು, ಹೊಸ ಸುರುಳಿಯನ್ನು ಸರಿಯಾಗಿ ನಡುವಿಗೆ ತಂದು ಹಾಕದಿದ್ದರೆ ಮೊದಲ ಪೂರ್ತಿ ತಿರುವಿನಲ್ಲೇ ಅದು ಕಡಿದುಹೋಗುತ್ತದೆ.

ಹಾರ್ನ್ ಎಲ್ಲ ಸರಿಯಿದ್ದು ಕ್ರೂಸ್ ಬಟನ್ ಒಂದೇ ಹಟ ಮಾಡಿದರೆ ಬಟನ್ನೇ ಕೆಟ್ಟಿರಬಹುದು. ಬಹಳ ಕಾರುಗಳಲ್ಲಿ ಸೆಟ್, ರೆಸ್ಯೂಮ್, ಕ್ಯಾನ್ಸಲ್ ಮೂರಕ್ಕೂ ಒಂದೇ ವೈರು. ಒಂದೊಂದು ಬಟನ್ ಹಿಂದೆ ಒಂದೊಂದು ಅಳತೆಯಲ್ಲಿ ಕರೆಂಟು ತಡೆಯುವ ರೆಸಿಸ್ಟರ್ ಇಟ್ಟಿರುತ್ತಾರೆ, ಎಷ್ಟು ಓಮ್ ಅನ್ನುವುದರ ಮೇಲೆ ಯಾವ ಬಟನ್ ಅಂತ ಕಂಪ್ಯೂಟರ್ ಗುರುತಿಸುತ್ತದೆ. ಒಳಗೆ ಕಾಫಿ ಚೆಲ್ಲಿಯೋ ಬೆವರು ಇಳಿದೋ ಗಲೀಜಾದರೆ ಓಮ್ ಬದಲಾಗುತ್ತದೆ. ನೀವು ಸೆಟ್ ಒತ್ತಿದರೆ ಅದಕ್ಕೆ ಕ್ಯಾನ್ಸಲ್ ಅಂತ ಕೇಳಿಸುತ್ತದೆ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಿದರೆ ಎಷ್ಟೋ ಬಟನ್ ಸರಿಹೋಗುತ್ತವೆ.

ಇನ್ನು ವೇಗದ ಸುದ್ದಿ. ಈ ಕಡೆಯ ಚಳಿಗಾಲಕ್ಕೆ ಇದು ತಕ್ಕ ಮಾತು. ಹಿಮ ಬಿದ್ದಾಗ ರಸ್ತೆಗೆ ಸುರಿಯುವ ಉಪ್ಪು ಚಕ್ರದ ಹತ್ತಿರ ಹೋಗಿ ಕೂರುತ್ತದೆ. ಅಲ್ಲಿ ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಕಟ್ಟಿಹೋಗದಂತೆ ನೋಡಿಕೊಳ್ಳುವ ವ್ಯವಸ್ಥೆಯ ಸೆನ್ಸರ್ ಇದೆ, ಅದರ ತಳದಲ್ಲಿ ತುಕ್ಕು ಬೆಳೆದು ಸೆನ್ಸರನ್ನೇ ಮೇಲಕ್ಕೆ ಎತ್ತುತ್ತದೆ. ಚಕ್ರ ಎಷ್ಟು ತಿರುಗಿತು ಅನ್ನುವ ಲೆಕ್ಕ ತಪ್ಪುತ್ತದೆ. ಎಬಿಎಸ್ ದೀಪ, ಟ್ರಾಕ್ಷನ್ ದೀಪ ಬರುತ್ತವೆ, ಜೊತೆಗೆ ಕ್ರೂಸ್ ಹೋಗುತ್ತದೆ. ದೀಪ ಬಂದಾಗ ಎಬಿಎಸ್ ಓದಬಲ್ಲ ಸ್ಕ್ಯಾನರ್ ಯಾವ ಚಕ್ರ ಅಂತಲೂ ಹೇಳುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ಗಟ್ಟಿಯಾಗಿ ನಿಲ್ಲಿಸಿ, ಆ ಚಕ್ರ ಬಿಚ್ಚಿ, ತುಕ್ಕು ಕೆರೆದು ತೆಗೆಯುವುದು ಮನೆಯಲ್ಲಿ ಮಾಡಬಹುದಾದ ಕೆಲಸವೇ. ಆದರೆ ಉಪ್ಪು ತಿಂದ ಸೆನ್ಸರ್ ಬಿಚ್ಚುವಾಗ ಮುರಿಯುವ ಸಂಭವ ಜಾಸ್ತಿ, ಹೊಸದನ್ನು ಕೈಯಲ್ಲಿಟ್ಟುಕೊಂಡೇ ಶುರು ಮಾಡಿ.

ತೊಂಬತ್ತರ ದಶಕದ ಕಾರು ಇಟ್ಟುಕೊಂಡವರು ಇಲ್ಲಿ ಇಬ್ಬರಿದ್ದೀರಿ ಅಂತ ಗೊತ್ತು, ಅವರಿಗೆ ಎರಡು ಮಾತು. ನಿಮ್ಮ ಕ್ರೂಸ್ ವ್ಯಾಕ್ಯೂಮ್‌ನದ್ದಾದರೆ ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡಿ, ಬಿರುಕು ಕಾಣುತ್ತದೆ. ಏರಿನಲ್ಲಿ ಇಂಜಿನ್ನಿನ ವ್ಯಾಕ್ಯೂಮ್ ಹೇಗೂ ಕಮ್ಮಿಯಾಗುತ್ತದೆ. ಅದರ ಮೇಲೆ ಪೈಪೂ ಸೋರಿದರೆ ಏರು ಬಂದಾಗಲೆಲ್ಲ ಕ್ರೂಸ್ ಕೈಬಿಡುತ್ತದೆ. ಇನ್ನೊಂದು, ಹಿಂದಿನ ಬ್ರೇಕ್ ಬಲ್ಬುಗಳನ್ನು ಚೆಂದಕ್ಕೆ ಅಂತ ಎಲ್‌ಇಡಿಗೆ ಬದಲಾಯಿಸಿದ್ದೀರಾ? ಆ ಕಾಲದ ಕೆಲವು ಕಾರುಗಳಲ್ಲಿ ಕ್ರೂಸ್ ಡಬ್ಬಿ ಬ್ರೇಕ್ ಬಲ್ಬಿನ ತಂತಿಯ ಮೂಲಕವೇ ಅರ್ತ್ ಹುಡುಕುತ್ತದೆ. ತಣ್ಣಗಿರುವ ಹಳೆಯ ಬಲ್ಬಿನ ತಂತಿಗೆ ರೆಸಿಸ್ಟೆನ್ಸ್ ತೀರಾ ಕಮ್ಮಿ, ಹಾಗಾಗಿ ಅರ್ತ್ ಸಿಗುತ್ತದೆ. ಎಲ್‌ಇಡಿಯಲ್ಲಿ ಆ ದಾರಿಯೇ ಮುಚ್ಚಿಹೋಯಿತು. ಬಲ್ಬ್ ಬದಲಾಯಿಸಿದ ದಿನವೇ ಕ್ರೂಸ್ ಹೋಗಿದ್ದರೆ ಹಳೆಯ ಬಲ್ಬ್ ಹಾಕಿ ನೋಡಿ.

ಹೊಸ ಕಾರಿನವರು, ಮುಂದಿನ ಕಾರಿನ ಅಂತರ ನೋಡಿಕೊಂಡು ಓಡುವ ಅಡಾಪ್ಟಿವ್ ಕ್ರೂಸ್ ಇರುವವರು, ನಿಮಗೆ ಮನೆಗೆಲಸ ಸ್ವಲ್ಪವೇ. ಲೋಗೋ ಹಿಂದೆಯೋ ಬಂಪರ್ ಹಿಂದೆಯೋ ರೇಡಾರ್ ಇರುತ್ತದೆ, ಅದರ ಮುಂದೆ ಮಂಜು, ಕೆಸರು ಅಂಟಿದ್ದರೆ ಒರೆಸಿ. ವಿಂಡ್‌ಶೀಲ್ಡ್ ಮೇಲಿನ ಕ್ಯಾಮರಾ ಮುಂದಿನ ಗಾಜು ಒರೆಸಿ. ಗಾಜು ಬದಲಾಯಿಸಿದ ಮೇಲೆ ಅಥವಾ ಬಂಪರ್‌ಗೆ ಪೆಟ್ಟು ಬಿದ್ದ ಮೇಲೆ ಹೋಗಿದ್ದರೆ ಅದಕ್ಕೆ ಕ್ಯಾಲಿಬ್ರೇಷನ್, ಅಂದರೆ ಗುರಿ ಮತ್ತೆ ಹೊಂದಿಸುವ ಕೆಲಸ, ಬೇಕು, ಅದಕ್ಕೆ ಬೇಕಾದ ಸಲಕರಣೆ ನಮ್ಮ ಗರಾಜಿನಲ್ಲಿ ಇರುವುದಿಲ್ಲ. ಸ್ವಲ್ಪ ಓರೆಯಾದ ರೇಡಾರ್ ಪಕ್ಕದ ಲೇನಿನ ಲಾರಿಯನ್ನು ನಿಮ್ಮ ಲೇನಿನದ್ದು ಅಂದುಕೊಳ್ಳುತ್ತದೆ.

ರಿಪೇರಿ ಆದ ಮೇಲೆ ಪರೀಕ್ಷೆ ಮಾಡುವ ಕ್ರಮ ಇದೆ. ಮೊದಲು ಗರಾಜ್ ಬಾಗಿಲ ಮೇಲಿನ ಕೆಂಪು ಬೆಳಕು. ಆಮೇಲೆ ಒಣಗಿದ, ಖಾಲಿ ರಸ್ತೆಯಲ್ಲಿ ಹಗಲಲ್ಲಿ ಸೆಟ್ ಮಾಡಿ. ಕಾಲು ಬ್ರೇಕ್ ಹತ್ತಿರವೇ ಇರಲಿ. ಬ್ರೇಕನ್ನು ಮೆಲ್ಲಗೆ ಮುಟ್ಟಿ, ಕಾರು ನಿಧಾನವಾಗುವ ಮುಂಚೆಯೇ ಕ್ರೂಸ್ ಬಿಡಬೇಕು. ಮತ್ತೆ ಸೆಟ್ ಮಾಡಿ ಕ್ಯಾನ್ಸಲ್ ಒತ್ತಿ. ಮತ್ತೆ ಸೆಟ್ ಮಾಡಿ ಮುಖ್ಯ ಬಟನ್ ಆಫ್ ಮಾಡಿ. ಕ್ರೂಸ್ ಹಿಡಿಯುತ್ತದೆಯಾ ಅನ್ನುವುದಕ್ಕಿಂತ ಬಿಡುತ್ತದೆಯಾ ಅನ್ನುವುದನ್ನು ಜಾಸ್ತಿ ಪರೀಕ್ಷೆ ಮಾಡಿ. ಮಳೆ, ಹಿಮ ಇದ್ದರೆ ಪರೀಕ್ಷೆಯೂ ಬೇಡ, ಕ್ರೂಸೂ ಬೇಡ.

ಪ್ರಶ್ನೋತ್ತರದಲ್ಲಿ ಮೊದಲು ಬಂದದ್ದು ಫ್ಯೂಸ್ ವಿಚಾರ. ಫ್ಯೂಸ್ ಹೋಗಿತ್ತು, ಹೊಸದು ಹಾಕಿದೆ, ವಾರದಲ್ಲಿ ಮತ್ತೆ ಹೋಯಿತು, ದೊಡ್ಡ ಆಂಪಿಯರ್‌ದು ಹಾಕಲಾ ಅಂತ ಒಬ್ಬರು ಕೇಳಿದರು. ಖಂಡಿತ ಬೇಡ. ಫ್ಯೂಸ್ ಸುಮ್ನೆ ಹೋಗುವುದಿಲ್ಲ. ಎಲ್ಲೋ ವೈರು ಉಜ್ಜಿ ಕಾರಿನ ಲೋಹದ ಮೈಗೆ ತಾಗುತ್ತಿದೆ. ಡಿಕ್ಕಿ ಬಾಗಿಲ ಹಿಂಜ್ ಹತ್ತಿರ ಬ್ರೇಕ್ ದೀಪದ ವೈರು ಮಡಚಿಕೊಳ್ಳುವ ಜಾಗ ಇದೆಯಲ್ಲ, ಮೊದಲು ಅಲ್ಲಿ ನೋಡಿ. ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸ್ ಬದಲು ವೈರು ಸುಡುತ್ತದೆ.

ಇನ್ನೊಬ್ಬರ ಪ್ರಶ್ನೆ ಊರಿನದ್ದು. ಮೈಸೂರಿನಲ್ಲಿರುವ ಅವರ ತಂದೆಯ ಕಾರು ಗೇರಿನದ್ದು, ಕ್ರೂಸ್ ಇದೆ. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಅದನ್ನು ಬಳಸಲು ಶುರು ಮಾಡಿದ್ದಾರೆ. ಹಿಡಿಯುತ್ತದೆ, ಸ್ವಲ್ಪ ದೂರ ಹೋಗಿ ತಾನೇ ಬಿಟ್ಟುಹೋಗುತ್ತದೆ. ಸರ್ವಿಸ್‌ಗೆ ಕೊಟ್ಟರೆ ಏನೂ ತೊಂದರೆ ಇಲ್ಲ ಅನ್ನುತ್ತಾರಂತೆ. ಕೋಡೂ ಇಲ್ಲ.

ನಾನು ಕೇಳಿದ್ದು ಒಂದೇ, ಅಪ್ಪ ಎಡಗಾಲು ಎಲ್ಲಿಟ್ಟುಕೊಂಡು ಓಡಿಸುತ್ತಾರೆ? ಅವರು ನಕ್ಕರು. ನಮ್ಮ ಊರಿನ ಟ್ರಾಫಿಕ್‌ನಲ್ಲಿ ಕಲಿತವರಿಗೆ ಕ್ಲಚ್ ಮೇಲೆ ಪಾದ ಇಟ್ಟೇ ಓಡಿಸುವ ಅಭ್ಯಾಸ. ಕ್ಲಚ್ ಪೆಡಲ್ ಪೂರ್ತಿ ಮೇಲೆ ಬಂದಿದೆಯಾ ಅಂತ ನೋಡುವ ಸ್ವಿಚ್ ಒಂದಿದೆ. ಪಾದದ ಭಾರಕ್ಕೆ ಪೆಡಲ್ ಕೊಂಚ ಇಳಿದರೂ ಸಾಕು, ಅದು ‘ಕ್ಲಚ್ ಒತ್ತಿದ್ದಾರೆ’ ಅನ್ನುತ್ತದೆ. ರಸ್ತೆಯಲ್ಲಿ ಒಂದು ಉಬ್ಬು ಬಂದರೆ ಕಾಲು ಒತ್ತಿಕೊಳ್ಳುತ್ತದೆ, ಕ್ರೂಸ್ ಬಿಡುತ್ತದೆ. ಕಾರಿನಲ್ಲಿ ದೋಷವೇ ಇಲ್ಲ, ಅದಕ್ಕೇ ಕೋಡೂ ಇಲ್ಲ. ಎಡಗಾಲನ್ನು ಪಕ್ಕದಲ್ಲಿ ಪಾದ ಇಡಲೆಂದೇ ಇರುವ ಡೆಡ್ ಪೆಡಲ್ ಮೇಲೆ ಇಟ್ಟು ಮಂಡ್ಯದ ತನಕ ಹೋಗಿ ನೋಡಲು ಹೇಳಿ. ಕ್ಲಚ್ ಪ್ಲೇಟೂ ಜಾಸ್ತಿ ದಿನ ಬಾಳುತ್ತದೆ. ಆಗಲೂ ಬಿಟ್ಟುಹೋದರೆ ಕ್ಲಚ್ ಸ್ವಿಚ್ ಸಡಿಲವಾಗಿರಬಹುದು, ಹೊಂದಿಸಿಕೊಡಲು ಮೆಕ್ಯಾನಿಕ್‌ಗೆ ಹೇಳಿ. ಅದೂ ಅಲ್ಲ ಅಂದರೆ ಬಾನೆಟ್ ಎತ್ತಿಸಿ ಇಲಿ ವೈರು ಕಡಿದಿದೆಯಾ ನೋಡಿಸಿ. ನೆಲಮಹಡಿಯಲ್ಲಿ ಕಾರು ನಿಲ್ಲಿಸುವ ಅಪಾರ್ಟ್‌ಮೆಂಟಿನವರಿಗೆ ಈ ಕಾಟ ಗೊತ್ತೇ ಇದೆ.